ಇನ್ಫಿನಿಟಿ ಎಂಜಿನ್‌ನ ಐದು ಆಟಗಳು: ಈ ಮಳೆಗಾಲದಲ್ಲಿ ಎಲ್ಲಿಂದ ಶುರು ಮಾಡೋದು?

ನಾಪೋಕ್ಲು_ದಾರಿ

ಮಳೆ ಹಿಡಿದಾಗಿನಿಂದ ನಮ್ಮ ಗುಂಪಿನಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಹಳೆಯ ಇನ್ಫಿನಿಟಿ ಎಂಜಿನ್ ಕಂಪ್ಯೂಟರ್ ಆಟಗಳನ್ನು ಆಡಬೇಕು, ಯಾವುದರಿಂದ ಶುರು ಮಾಡಲಿ? ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲೇ ಬರೆಯುತ್ತೇನೆ. ಒಪ್ಪದವರು ಕೆಳಗೆ ಬರೆಯಿರಿ.

ಮೊದಲು ಹೊಸಬರಿಗೆ. ಎಂಜಿನ್ ಅಂದರೆ ಆಟವನ್ನು ಓಡಿಸುವ ಮೂಲ ತಂತ್ರಾಂಶ. ಇದನ್ನು ಕಟ್ಟಿದ್ದು ಕೆನಡಾದ ಬಯೋವೇರ್ ಕಂಪನಿ. ಬ್ಯಾಟಲ್‌ಗ್ರೌಂಡ್ ಇನ್ಫಿನಿಟಿ ಅನ್ನುವ ಬೇರೊಂದು ಆಟದ ಮಾದರಿಗಾಗಿ ಶುರುವಾದ ಕೆಲಸ ಅದು. ಪ್ರಕಾಶಕ ಕಂಪನಿ ಇಂಟರ್‌ಪ್ಲೇ ಬಳಿ, ದಾಳ ಹಾಕಿ ಪಾತ್ರ ವಹಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಕಂಪ್ಯೂಟರ್ ಆಟಗಳನ್ನು ತರುವ ಹಕ್ಕು ಇತ್ತು. ಹಾಗಾಗಿ ಅದೇ ಮಾದರಿ ಬೆಳೆದು 1998ರ ಡಿಸೆಂಬರ್‌ನಲ್ಲಿ ಬಾಲ್ಡರ್ಸ್ ಗೇಟ್ ಆಗಿ ಬಂತು. ಆಮೇಲೆ ಇಂಟರ್‌ಪ್ಲೇಯ ಸ್ವಂತ ತಂಡ ಬ್ಲ್ಯಾಕ್ ಐಲ್ ಅದೇ ಎಂಜಿನ್ ತೆಗೆದುಕೊಂಡು 1999ರಲ್ಲಿ ಪ್ಲೇನ್‌ಸ್ಕೇಪ್: ಟಾರ್ಮೆಂಟ್, 2000ದಲ್ಲಿ ಐಸ್‌ವಿಂಡ್ ಡೇಲ್ ಮಾಡಿತು. ಅದೇ 2000ದಲ್ಲಿ ಬಯೋವೇರ್‌ನ ಬಾಲ್ಡರ್ಸ್ ಗೇಟ್ 2 ಬಂತು. ಕೊನೆಗೆ 2002ರ ಆಗಸ್ಟ್‌ನಲ್ಲಿ ಐಸ್‌ವಿಂಡ್ ಡೇಲ್ 2. ನಾಲ್ಕು ವರ್ಷ ತುಂಬುವುದರೊಳಗೆ ಐದು ಆಟ. ನಡುವೆ ಬಂದ ಹೆಚ್ಚುವರಿ ಭಾಗಗಳನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಒಂದೇ ಎಂಜಿನ್ ಅನ್ನುವ ವಿಚಾರ ಇವರು ಹೊಸದಾಗಿ ಕಂಡುಹಿಡಿದದ್ದಲ್ಲ. 1988ರ ಪೂಲ್ ಆಫ್ ರೇಡಿಯನ್ಸ್‌ನಿಂದ ಶುರುವಾದ ಗೋಲ್ಡ್ ಬಾಕ್ಸ್ ಸರಣಿಯಲ್ಲೂ ಹೀಗೇ ಇತ್ತು. ಆದರೆ ಗೋಲ್ಡ್ ಬಾಕ್ಸ್ ಆಟಗಳು ಒಂದರಂತೆ ಇನ್ನೊಂದು ಕಾಣುತ್ತವೆ. ಇನ್ಫಿನಿಟಿಯ ಐದು ಹಾಗಲ್ಲ. ಟಾರ್ಮೆಂಟ್ ಮತ್ತು ಐಸ್‌ವಿಂಡ್ ಡೇಲ್ ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಒಂದೇ ಮೂಲದಿಂದ ಬಂದವು ಅಂತ ನಂಬೋದೇ ಕಷ್ಟ.

ನನ್ನ ಸಲಹೆ: ಬಂದ ಕ್ರಮದಲ್ಲೇ ಆಡಿ. ಬಾಲ್ಡರ್ಸ್ ಗೇಟ್ ಮೊದಲು. ಎಂಜಿನ್ ಹೇಗೆ ಬೆಳೆಯಿತು ಅನ್ನೋದು ಆಡುತ್ತಾ ಆಡುತ್ತಾ ಗೊತ್ತಾಗುತ್ತದೆ. ಒಂದಕ್ಕೂ ಇಂಟರ್‌ನೆಟ್ ಬೇಕಾಗಿಲ್ಲ. ಗ್ರಾಫಿಕ್ಸ್ ಕಾರ್ಡ್ ಕೂಡ ಬೇಡ. ಬ್ಯಾಟರಿ ಇರುವ ಹಳೆಯ ಲ್ಯಾಪ್‌ಟಾಪ್ ಸಾಕು. ಕರೆಂಟು ಯಾವಾಗ ಹೋಗುತ್ತದೋ ಹೇಳೋಕಾಗದ ನಮ್ಮ ಕಡೆ ಇದು ಸಣ್ಣ ವಿಷಯ ಅಲ್ಲ.

ವಿರಾಜಪೇಟೆ_ಓದು

ಬಂದ ಕ್ರಮ ಅನ್ನೋದು ಇತಿಹಾಸ ಓದುವವರಿಗೆ ಸರಿ. ಆಡುವವರಿಗೆ ಹಾಗೆ ಬೇಕಾಗಿಲ್ಲ. ನಾನು ಯಾರಿಗಾದರೂ ಟಾರ್ಮೆಂಟನ್ನೇ ಮೊದಲು ಕೊಡುತ್ತೇನೆ.

ಬಾಲ್ಡರ್ಸ್ ಗೇಟ್ ಶುರುವಿನಲ್ಲಿ ಮಂತ್ರವಾದಿಗೆ ಹೆಚ್ಚೆಂದರೆ ನಾಲ್ಕು ಜೀವಾಂಕ, ಕಾನ್‌ಸ್ಟಿಟ್ಯೂಶನ್ (ಮೈಗಟ್ಟಿನ ಅಂಕ) ಚೆನ್ನಾಗಿದ್ದರೆ ಒಂದೆರಡು ಜಾಸ್ತಿ. ಆಟ ಶುರುವಾಗುವ ಕ್ಯಾಂಡಲ್‌ಕೀಪ್ ಕೋಟೆ ದಾಟಿ ಹೊರಗೆ ಬಂದ ತಕ್ಷಣ ಒಂದು ತೋಳ ಕಚ್ಚಿದರೆ ಆಟ ಮುಗಿಯಿತು. ಹೊಸಬರು ಅಲ್ಲೇ ಬಿಟ್ಟುಬಿಡುತ್ತಾರೆ. ಟಾರ್ಮೆಂಟ್‌ನಲ್ಲಿ ನೀವು ಸತ್ತರೆ ಸಾಮಾನ್ಯವಾಗಿ ಇನ್ನೊಂದು ಕಡೆ ಎದ್ದು ಕೂರುತ್ತೀರಿ. ನಾಯಕ ಸಾಯಲಾರದವನು. ತಾನು ಯಾರು ಅನ್ನೋದೇ ಅವನಿಗೆ ಮರೆತಿದೆ. ಸತ್ತು ಎದ್ದಿದ್ದು ಸೋಲಾಗದೆ ಕಥೆಯ ಭಾಗವೇ ಆಗುತ್ತದೆ.

ಎಂಜಿನ್ ವಿಚಾರಕ್ಕೇ ಬರೋಣ. ಬಾಲ್ಡರ್ಸ್ ಗೇಟ್‌ನಲ್ಲಿ ಮಾತುಕತೆ ಅಂದರೆ ಎದುರಿಗಿರುವ ವ್ಯಕ್ತಿಯ ಜತೆ ಮಾತು. ಟಾರ್ಮೆಂಟ್‌ನವರು ಅದೇ ಮಾತಿನ ಪೆಟ್ಟಿಗೆಯನ್ನು ಎಲ್ಲದಕ್ಕೂ ಬಳಸಿದರು. ಹೆಣವನ್ನು ಪರೀಕ್ಷಿಸುವುದು ಅಲ್ಲೇ. ಒಬ್ಬನ ಕೈ ಹಿಡಿದು ಹಳೆಯ ನೆನಪು ತೆಗೆಯುವುದೂ ಅಲ್ಲೇ. ಡಾಕಾನ್ ಅನ್ನುವ ಜತೆಗಾರನ ಬಳಿ ಒಂದು ಕಲ್ಲಿನ ಚಕ್ರ ಇದೆ. ಸುತ್ತಿನೊಳಗೆ ಸುತ್ತು. ಅದೊಂದು ಗ್ರಂಥ. ಒಂದೊಂದು ಸುತ್ತು ಬಿಡಿಸಿದರೆ ಅವನ ಜನರ ಒಂದೊಂದು ಪಾಠ ಸಿಗುತ್ತದೆ. ಅರ್ಥ ಏನು ಅಂತ ನೀವು ಅವನಿಗೆ ಹೇಳಬೇಕು. ಸರಿಯಾಗಿ ಗ್ರಹಿಸಿದ್ದರೆ ಮುಂದಿನ ಸುತ್ತು ಬಿಡಿಸಲು ಕಲಿಸುತ್ತಾನೆ. ಹೋಗ್ತಾ ಹೋಗ್ತಾ ಗುರುವಿಗೇ ಗೊತ್ತಿಲ್ಲದ ಅರ್ಥ ನಿಮಗೆ ಕಾಣುತ್ತದೆ. ಇಡೀ ಪ್ರಸಂಗದಲ್ಲಿ ಒಂದು ಏಟೂ ಇಲ್ಲ. ಕತ್ತಿಯೇಟಿಗಾಗಿ ಕಟ್ಟಿದ ಎಂಜಿನ್ ಒಳಗೆ ಇದನ್ನು ತಂದಿಟ್ಟಿದ್ದಾರೆ ಅಂದರೆ ನನಗೆ ಇವತ್ತಿಗೂ ಬೆರಗು.

ವಿಸ್ಡಮ್ (ವಿವೇಕದ ಅಂಕ) ಜಾಸ್ತಿ ಇಟ್ಟು ಶುರು ಮಾಡಿ. ಮರೆತ ನೆನಪುಗಳು ಅದಕ್ಕೇ ಬಗ್ಗುತ್ತವೆ.

ಗೋಣಿಕೊಪ್ಪ_ಬಿಲ್ಲು

ಅಕ್ಕಾ, ಟಾರ್ಮೆಂಟ್ ದೊಡ್ಡ ಆಟ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಕಾಳಗ ಬಹಳ ಸಪ್ಪೆ. ಅದನ್ನು ಮೊದಲು ಆಡಿದವರಿಗೆ ಈ ಎಂಜಿನ್ ಕಾಳಗಕ್ಕೆ ಆಗಿಬರೋದಿಲ್ಲ ಅನ್ನಿಸಿಬಿಡುತ್ತದೆ. ಅದು ಅನ್ಯಾಯ.

ನನ್ನ ಓಟು ಐಸ್‌ವಿಂಡ್ ಡೇಲ್‌ಗೆ. ಆರು ಜನರನ್ನೂ ನೀವೇ ಮಾಡುತ್ತೀರಿ. ಹೆಸರು ನಿಮ್ಮದು, ಮುಖ ನಿಮ್ಮದು, ಕೆಲಸ ನಿಮ್ಮದು. ಆಮೇಲೆ ಸ್ಪೇಸ್ ಬಾರ್. ಒತ್ತಿದರೆ ಲೋಕ ನಿಲ್ಲುತ್ತದೆ. ಆರು ಜನರಿಗೂ ಒಬ್ಬೊಬ್ಬರಿಗೆ ಆಜ್ಞೆ ಕೊಡಿ, ಮತ್ತೆ ಒತ್ತಿ. ಬಾಗಿಲ ಬಳಿ ಇಬ್ಬರು ಅಡ್ಡ ನಿಂತು, ಹಿಂದಿನಿಂದ ಬಾಣ ಬಿಡುತ್ತಾ, ಬಲೆ ಮಂತ್ರ ಹಾಕಿ ಎದುರಾಳಿಗಳನ್ನು ಸಿಕ್ಕಿಸಿ ಹೊಡೆಯುವ ಆ ಲೆಕ್ಕಾಚಾರ ಇದೆಯಲ್ಲ, ಅದು ಇಲ್ಲಿ ಇರುವಷ್ಟು ಚೊಕ್ಕವಾಗಿ ಉಳಿದ ನಾಲ್ಕರಲ್ಲಿ ಇಲ್ಲ. ಸಂಗೀತ ಜೆರೆಮಿ ಸೋಲ್ ಅವರದು. ಕುಲ್ದಹಾರ್ ಅನ್ನುವ ಊರು ಸೇರಿದಾಗ ಕೇಳಿ. ಸುತ್ತ ಹಿಮ, ನಡುವೆ ಒಂದು ದೈತ್ಯ ಓಕ್ ಮರ. ಊರಿಗೆ ಬೆಚ್ಚಗಿನ ಗಾಳಿ ಕೊಡುವುದೇ ಆ ಮರ.

ಕೊನೆಯ ಮಾತು. ಟಚ್‌ಪ್ಯಾಡ್‌ನಲ್ಲಿ ಆಡುವವರು ಆಟೋ ಪಾಜ್ ಹಾಕಿಕೊಳ್ಳಿ. ವೈರಿ ಕಂಡ ಕೂಡಲೇ ಆಟ ತಾನೇ ನಿಲ್ಲುತ್ತದೆ.

ಕುಶಾಲನಗರ_ಕೋಡ್

ಯಾವುದು ಮೊದಲು ಅನ್ನುವ ಚರ್ಚೆ ನೀವೇ ಮುಂದುವರಿಸಿ. ನಾನು ಎಂಜಿನ್ ಹೊಟ್ಟೆಯೊಳಗಿನದ್ದು ಸ್ವಲ್ಪ ಹೇಳುತ್ತೇನೆ. ಹೇಳೋಕೆ ಕಾರಣ ಇದೆ. ಈ ಆಟಗಳು ಇವತ್ತಿಗೂ ಬದುಕಿರುವುದಕ್ಕೆ ಅದೇ ಮೂಲ.

ನೀವು ನೋಡುವ ಪ್ರತಿ ಜಾಗವೂ ಒಂದು ದೊಡ್ಡ ಚಿತ್ರ. ಮೊದಲು ಮೂರು ಆಯಾಮದಲ್ಲಿ ಕಟ್ಟಿ, ಚಿತ್ರ ತೆಗೆದು, ಅದರ ಮೇಲೆ ಕೈಯಿಂದ ತಿದ್ದಿದ್ದಾರೆ. ಆ ಚಿತ್ರವನ್ನು ಉದ್ದ 64, ಅಗಲ 64 ಪಿಕ್ಸೆಲ್ ಇರುವ ಚೌಕಗಳಾಗಿ ಕತ್ತರಿಸಿ ಇಡುತ್ತಾರೆ. ಆದರೆ ಚಿತ್ರಕ್ಕೆ ಗೋಡೆ ಯಾವುದು, ದಾರಿ ಯಾವುದು ಅಂತ ಗೊತ್ತಿಲ್ಲ. ಅದಕ್ಕೆ ಪ್ರತಿ ಜಾಗಕ್ಕೂ ಇನ್ನೊಂದು ಪುಟ್ಟ ಚಿತ್ರ ಇದೆ. ಸರ್ಚ್ ಮ್ಯಾಪ್ ಅಂತಾರೆ. ಅದರ ಒಂದು ಚುಕ್ಕೆ ದೊಡ್ಡ ಚಿತ್ರದ 16 ಪಿಕ್ಸೆಲ್ ಅಗಲ, 12 ಪಿಕ್ಸೆಲ್ ಎತ್ತರದ ತುಂಡಿಗೆ ಸಮ. ಚುಕ್ಕೆಯ ಬಣ್ಣ ನೋಡಿ ಅಲ್ಲಿ ಕಾಲಿಡಬಹುದೋ ಇಲ್ಲವೋ ಅಂತ ಎಂಜಿನ್ ತಿಳಿಯುತ್ತದೆ. ಅದೇ ಬಣ್ಣದಿಂದಲೇ ಹೆಜ್ಜೆ ಸದ್ದೂ ಬರುತ್ತದೆ. ಮರದ ನೆಲಕ್ಕೆ ಒಂದು ಸದ್ದು, ಹುಲ್ಲಿಗೆ ಒಂದು, ಕಲ್ಲಿಗೆ ಒಂದು. ಬೆಳಕಿಗೆ ಮತ್ತೊಂದು ಚಿತ್ರ ಇದೆ. ನಿಮ್ಮ ವೀರ ದೀಪದ ಹತ್ತಿರ ಹೋದಾಗ ಅವನ ಮೈಬಣ್ಣ ಬದಲಾಗುವುದು ಅದರಿಂದ.

ಇನ್ನು ಮಾತು. ಆಟದಲ್ಲಿ ಕಾಣುವ ಬಹುತೇಕ ಎಲ್ಲ ಸಾಲುಗಳೂ ಒಂದೇ ಫೈಲ್‌ನಲ್ಲಿವೆ. ಡೈಲಾಗ್ ಟಿಎಲ್‌ಕೆ. ಪ್ರತಿ ಸಾಲಿಗೂ ಒಂದು ನಂಬರ್. ಜತೆಗೆ ಧ್ವನಿ ಇದ್ದರೆ ಅದರ ಹೆಸರೂ ಅಲ್ಲೇ. ಉಳಿದ ಫೈಲ್‌ಗಳು ನಂಬರ್ ಮಾತ್ರ ಹೇಳುತ್ತವೆ. ಈ ವಸ್ತುವಿನ ಹೆಸರು ಇಂತಿಷ್ಟನೇ ಸಾಲು, ಅಷ್ಟೇ.

ವಿರಾಜಪೇಟೆ ಅಕ್ಕ ಹೇಳಿದ ಕಲ್ಲಿನ ಚಕ್ರದ ಒಳಗೂ ಇದೇ ಏರ್ಪಾಡು. ಮಾತುಕತೆಯ ಫೈಲ್‌ನಲ್ಲಿ ಒಂದು ಹಂತ, ಅಲ್ಲಿಂದ ಹೋಗುವ ದಾರಿಗಳು, ಪ್ರತಿ ದಾರಿಗೂ ಬೇಕಾದರೆ ಒಂದು ಷರತ್ತು, ಒಂದು ಪರಿಣಾಮ. ವಿಸ್ಡಮ್ ಇಷ್ಟಿದ್ದರೆ ಈ ಉತ್ತರ ತೋರಿಸು, ಆರಿಸಿದರೆ ಇಷ್ಟು ಅನುಭವ ಕೊಡು. ಬಾಲ್ಡರ್ಸ್ ಗೇಟ್‌ನ ಅಂಗಡಿಯವನಿಗೂ ಡಾಕಾನ್‌ಗೂ ಇದೇ ಚೌಕಟ್ಟು. ಬರೆದವರು ಬೇರೆ ಅಷ್ಟೇ.

ಕೊನೆಯದಾಗಿ ಓವರ್‌ರೈಡ್ ಅನ್ನುವ ಫೋಲ್ಡರ್. ಆಟದ ಫೈಲ್‌ಗಳೆಲ್ಲ ದೊಡ್ಡ ಕಟ್ಟುಗಳಲ್ಲಿ ಇರುತ್ತವೆ. ಅದೇ ಹೆಸರಿನ ಫೈಲ್ ಒಂದನ್ನು ಓವರ್‌ರೈಡ್‌ನಲ್ಲಿ ಇಟ್ಟರೆ ಎಂಜಿನ್ ಮೊದಲು ಅದನ್ನೇ ಓದುತ್ತದೆ. ಕಟ್ಟು ಬಿಚ್ಚುವ ಕೆಲಸ ಇಲ್ಲ. ಮಾಡ್, ಅಂದರೆ ಆಡುವವರೇ ಆಟಕ್ಕೆ ತರುವ ಬದಲಾವಣೆ, ಮಾಡುವವರಿಗೆ ಬಾಗಿಲು ತೆರೆದಿದ್ದು ಇದೇ.

ಮಡಿಕೇರಿ_ಮಂಜು

ಅಣ್ಣಾ, ಹಾಗಾದರೆ ಒಂದು ಆಟದ ಫೈಲ್ ತಿಳಿದುಕೊಂಡರೆ ಐದನ್ನೂ ತಿಳಿದ ಹಾಗೆ?

ಕುಶಾಲನಗರ_ಕೋಡ್

ಹೆಚ್ಚೂಕಮ್ಮಿ ಹೌದು. ಸಣ್ಣಪುಟ್ಟ ವ್ಯತ್ಯಾಸ ಇದೆ. ಐಸ್‌ವಿಂಡ್ ಡೇಲ್ 2 ಸ್ವಲ್ಪ ಜಾಸ್ತಿ ಬೇರೆ, ಯಾಕೆಂದರೆ ಅದರ ನಿಯಮಗಳೇ ಬೇರೆ. ಆದರೆ ಮೂಲ ಒಂದೇ. ನಮ್ಮ ಕಡೆ ಒಂದು ಐನ್‌ಮನೆಯಿಂದ ಹೊರಟ ಕುಟುಂಬಗಳು ಬೇರೆ ಬೇರೆ ಊರಲ್ಲಿ ಮನೆ ಕಟ್ಟಿಕೊಂಡರೂ ಹೆಸರು ಒಂದೇ ಇರುತ್ತದಲ್ಲ, ಹಾಗೆ.

ಅದರಿಂದ ಆದ ಲಾಭ ನೋಡಿ. ನಿಯರ್ ಇನ್ಫಿನಿಟಿ ಅನ್ನುವ ಒಂದೇ ಉಪಕರಣದಲ್ಲಿ ಐದೂ ಆಟಗಳ ಫೈಲ್ ತೆರೆಯಬಹುದು. ವೈಡು ಅನ್ನುವ ಒಂದೇ ಪ್ರೋಗ್ರಾಂ ಐದಕ್ಕೂ ಮಾಡ್ ಹಾಕುತ್ತದೆ. ಅದು ಬರುವ ಮೊದಲು ಎರಡು ಮಾಡ್ ಒಟ್ಟಿಗೆ ಹಾಕುವುದು ದೊಡ್ಡ ತಲೆನೋವಾಗಿತ್ತು. ಒಂದು ಮಾಡ್ ಇಡೀ ಡೈಲಾಗ್ ಫೈಲನ್ನೇ ಬದಲಿಸುತ್ತಿತ್ತು. ಇನ್ನೊಂದು ಬಂದು ಅದರ ಮೇಲೆ ತನ್ನದನ್ನು ಕೂರಿಸುತ್ತಿತ್ತು. ಮೊದಲನೆಯದು ಅಲ್ಲಿಗೆ ಹಾಳು. ವೈಡು ಇರುವ ಫೈಲಿಗೆ ಬೇಕಾದಷ್ಟನ್ನು ಮಾತ್ರ ಸೇರಿಸುತ್ತದೆ. ಏನು ಬದಲಿಸಿತು ಅನ್ನುವ ಪ್ರತಿ ಇಟ್ಟುಕೊಳ್ಳುತ್ತದೆ. ಬೇಡ ಅಂದರೆ ಹಿಂದಕ್ಕೆ ತೆಗೆಯುತ್ತದೆ.

ಜೆಮ್‌ಆರ್‌ಬಿ ಅಂತ ಇನ್ನೊಂದಿದೆ. ಉತ್ಸಾಹಿಗಳು ಇಡೀ ಎಂಜಿನ್ನನ್ನೇ ಹೊಸದಾಗಿ ಬರೆದಿದ್ದಾರೆ. ಮುಕ್ತ ತಂತ್ರಾಂಶ. ಲಿನಕ್ಸ್‌ನಲ್ಲೂ ಆಂಡ್ರಾಯ್ಡ್‌ನಲ್ಲೂ ಓಡುತ್ತದೆ. ಆಟದ ಮೂಲ ಫೈಲ್‌ಗಳು ಮಾತ್ರ ನಿಮ್ಮ ಬಳಿ ಇರಬೇಕು. ಐದು ಆಟಕ್ಕೆ ಐದು ಎಂಜಿನ್ ಇದ್ದಿದ್ದರೆ ಈ ಶ್ರಮಕ್ಕೆ ಯಾರು ಕೈ ಹಾಕುತ್ತಿದ್ದರು ಹೇಳಿ.

ನಾಪೋಕ್ಲು_ದಾರಿ

ನಾನು ಹೇಳಬೇಕು ಅಂತಿದ್ದ ಮಾತಿಗೆ ನೀವು ಬುಡ ಹಾಕಿಕೊಟ್ಟಿರಿ. ಎಂಜಿನ್ ಸಿದ್ಧ ಇದ್ದದ್ದರಿಂದ ಆಟ ಮಾಡುವವರ ಶ್ರಮ ಬೇರೆ ಕಡೆ ಹೋಯಿತು. ಕ್ಯಾಮೆರಾ ತಿರುಗಿಸುವ ಹಾಗಿಲ್ಲ. ನಿಮ್ಮ ತಂಡದಲ್ಲಿ ಆರೇ ಜನ. ಚಿತ್ರ ಒಂದೇ ಕೋನದ್ದು. ಇಷ್ಟು ಗೆರೆ ಹಾಕಿಟ್ಟ ಮೇಲೆ ಉಳಿದದ್ದು ಬರವಣಿಗೆ, ಚಿತ್ರ, ಸಂಗೀತ, ಕಾಳಗದ ಹೊಂದಾಣಿಕೆ. ಟಾರ್ಮೆಂಟ್ ಬರವಣಿಗೆ ಹಿಡಿಯಿತು. ಅದರಲ್ಲಿ ಸುಮಾರು 8 ಲಕ್ಷ ಪದಗಳಿವೆ ಅಂತ ಲೆಕ್ಕ. ಐಸ್‌ವಿಂಡ್ ಡೇಲ್ ಕಾಳಗ ಹಿಡಿಯಿತು. ಬಾಲ್ಡರ್ಸ್ ಗೇಟ್ 2 ಎರಡನ್ನೂ ಹಿಡಿಯೋಕೆ ಹೊರಟಿತು. ಬಹುಮಟ್ಟಿಗೆ ಗೆದ್ದಿತು.

ಅದರ ಮಂತ್ರವಾದಿ ಕಾಳಗಗಳನ್ನೇ ನೋಡಿ. ಎದುರಾಳಿ ಮೈಮೇಲೆ ಮೂರು ನಾಲ್ಕು ರಕ್ಷಣೆ ಹಾಕಿಕೊಂಡು ನಿಲ್ಲುತ್ತಾನೆ. ಕತ್ತಿ ತಾಗೋದಿಲ್ಲ. ಬೆಂಕಿ ಮಂತ್ರ ಬಿಟ್ಟರೆ ನಿಮ್ಮ ಮೇಲೇ ಬರುತ್ತದೆ. ಯಾವ ಪದರವನ್ನು ಯಾವುದರಿಂದ ಬಿಚ್ಚಬೇಕು ಅಂತ ತಿಳಿಯಬೇಕು. ಮಾಯಾರೂಪಗಳಿಗೆ ಟ್ರೂ ಸೈಟ್, ಆಯುಧ ತಡೆಯುವ ರಕ್ಷಣೆಗೆ ಬ್ರೀಚ್. ಇದಕ್ಕಾಗಿ ಅವರು ಹೊಸ ಎಂಜಿನ್ ಬರೆಯಲಿಲ್ಲ. ಮಂತ್ರಗಳ ಫೈಲ್, ವೈರಿ ಹೇಗೆ ನಡೆದುಕೊಳ್ಳಬೇಕು ಅಂತ ಹೇಳುವ ಸ್ಕ್ರಿಪ್ಟ್, ಇವೆರಡರಲ್ಲೇ ಹೆಚ್ಚಿನ ಕೆಲಸ ಮುಗಿಸಿದರು. ಸ್ವೋರ್ಡ್ ಕೋಸ್ಟ್ ಸ್ಟ್ರಾಟಜೆಮ್ಸ್ ಅನ್ನುವ ಮಾಡ್ ಆ ಸ್ಕ್ರಿಪ್ಟ್‌ಗಳನ್ನೇ ಇನ್ನಷ್ಟು ಜಾಣ ಮಾಡುತ್ತದೆ. ಒಮ್ಮೆ ಮುಗಿಸಿದವರು ಹಾಕಿ ನೋಡಿ. ಮೊದಲ ಸಲವೇ ಬೇಡ.

ಸೋಮವಾರಪೇಟೆ_ಹೊಸಬ

ನಮಸ್ಕಾರ ಎಲ್ಲರಿಗೂ. ನಾನು ಪಿಯುಸಿ. ಕನ್ನಡ ಮೀಡಿಯಂನಲ್ಲಿ ಓದಿದವನು. ಇಂಗ್ಲಿಷ್ ಓದಿದರೆ ಅರ್ಥ ಆಗುತ್ತದೆ, ಆದರೆ ನಿಧಾನ. 8 ಲಕ್ಷ ಪದ ಅಂದರೆ ಭಯ ಆಯಿತು. ನನಗೆ ಯಾವುದು ಸರಿ? ಇವುಗಳಲ್ಲಿ ಕನ್ನಡ ಬರುವ ಹಾಗೆ ಮಾಡೋಕೆ ಆಗುತ್ತದಾ? ಮತ್ತೆ ಥ್ಯಾಕೋ ಅಂದರೆ ಏನು? ವಿಡಿಯೋ ನೋಡಿದೆ, ತಲೆಗೆ ಹೋಗಲಿಲ್ಲ.

ಗೋಣಿಕೊಪ್ಪ_ಬಿಲ್ಲು

ಥ್ಯಾಕೋ ನಾನು ಹೇಳುತ್ತೇನೆ ತಮ್ಮಾ. ಸುಲಭ ಇದೆ.

ಥ್ಯಾಕೋ ಅಂದರೆ ಏಟು ತಾಗಿಸುವ ನಿನ್ನ ಸಾಮರ್ಥ್ಯದ ಸಂಖ್ಯೆ, ಆರ್ಮರ್ ಕ್ಲಾಸ್ ಅಂದರೆ ಏಟು ತಪ್ಪಿಸುವ ರಕ್ಷಣೆಯ ಸಂಖ್ಯೆ. ಇಪ್ಪತ್ತು ಮುಖದ ದಾಳ ಒಂದು. ನಿನ್ನ ಥ್ಯಾಕೋದಿಂದ ಎದುರಾಳಿಯ ಆರ್ಮರ್ ಕ್ಲಾಸ್ ಕಳೆ. ಬಂದ ಸಂಖ್ಯೆ ಅಥವಾ ಅದಕ್ಕಿಂತ ಜಾಸ್ತಿ ದಾಳದಲ್ಲಿ ಬಿದ್ದರೆ ಏಟು ತಾಗಿತು. ನಿನ್ನ ಥ್ಯಾಕೋ 20, ಅವನ ಆರ್ಮರ್ ಕ್ಲಾಸ್ 5 ಅಂತಿಟ್ಟುಕೋ. 15 ಬೀಳಬೇಕು. ಅವನು ಒಳ್ಳೆಯ ಕವಚ ಹಾಕಿ ಆರ್ಮರ್ ಕ್ಲಾಸ್ ಮೈನಸ್ 2 ಆದರೆ 22 ಬೇಕು. ದಾಳದಲ್ಲಿ 22 ಇಲ್ಲ. ಆಗ 20 ಬಿದ್ದರೆ ಮಾತ್ರ ತಾಗುತ್ತದೆ. ಅಂದರೆ ಎರಡೂ ಸಂಖ್ಯೆ ಕಡಿಮೆ ಆದಷ್ಟೂ ಒಳ್ಳೆಯದು. ಇಷ್ಟು ನೆನಪಿಟ್ಟರೆ ಸಾಕು. ಮೊದಲ ನಾಲ್ಕು ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಈ ಎರಡನೇ ಆವೃತ್ತಿಯ ನಿಯಮದವು. ಐಸ್‌ವಿಂಡ್ ಡೇಲ್ 2 ಮಾತ್ರ ಮೂರನೇ ಆವೃತ್ತಿ. ಅಲ್ಲಿ ಆರ್ಮರ್ ಕ್ಲಾಸ್ ಜಾಸ್ತಿ ಆದಷ್ಟೂ ಒಳ್ಳೆಯದು.

ಕುಶಾಲನಗರ_ಕೋಡ್

ಕನ್ನಡದ ಪ್ರಶ್ನೆಗೆ. ಹಳೆಯ ಮೂಲ ಆಟಗಳಲ್ಲಿ ಕಷ್ಟ. ಅಲ್ಲಿ ಅಕ್ಷರಗಳೂ ಸಣ್ಣ ಸಣ್ಣ ಚಿತ್ರಗಳೇ. ಒಂದು ಬೈಟ್‌ಗೆ ಒಂದು ಚಿತ್ರ. ಹೆಚ್ಚೆಂದರೆ 256 ಜಾಗ. ನಮ್ಮ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಅಷ್ಟರಲ್ಲಿ ಮುಗಿಯೋದಿಲ್ಲ. ಆಮೇಲೆ ಬಂದ ಎನ್‌ಹ್ಯಾನ್ಸ್‌ಡ್ ಎಡಿಷನ್‌ಗಳಲ್ಲಿ, ಅಂದರೆ ಹಳೆಯ ಆಟಗಳನ್ನೇ ಈಗಿನ ಕಂಪ್ಯೂಟರ್‌ಗೆ ತಕ್ಕಂತೆ ತಿದ್ದಿದ ಆವೃತ್ತಿಗಳಲ್ಲಿ, ಯೂನಿಕೋಡ್ ಇದೆ. ಸಾಲುಗಳೆಲ್ಲ ಒಂದೇ ಫೈಲ್‌ನಲ್ಲಿ ಇರುವುದರಿಂದ ಎಲ್ಲಿ ಕೈ ಹಾಕಬೇಕು ಅನ್ನೋದೂ ಗೊತ್ತು. ಆದರೆ ಇಡೀ ಆಟ ಅನುವಾದಿಸೋದು ಒಬ್ಬಿಬ್ಬರ ಕೆಲಸ ಅಲ್ಲ.

ವಿರಾಜಪೇಟೆ_ಓದು

ತಮ್ಮಾ, ನಿನಗೆ ನಾನು ಟಾರ್ಮೆಂಟ್ ಹೇಳೋದಿಲ್ಲ. ಗೋಣಿಕೊಪ್ಪದವರು ಹೇಳಿದ ಐಸ್‌ವಿಂಡ್ ಡೇಲ್‌ನಿಂದಲೇ ಶುರು ಮಾಡು. ಓದುವುದು ಕಡಿಮೆ. ನಿನ್ನ ವೇಗಕ್ಕೆ ಹೊಂದುತ್ತದೆ. ಎಂಜಿನ್ ಕೈಗೆ ಹತ್ತಿದ ಮೇಲೆ ಟಾರ್ಮೆಂಟ್‌ಗೆ ಬಾ. ಮಾತಿನ ಪೆಟ್ಟಿಗೆ ತೆರೆದಿದ್ದಾಗ ಯಾರೂ ನಿನ್ನನ್ನು ಅವಸರ ಮಾಡೋದಿಲ್ಲ. ಒಂದು ಸಾಲಿಗೆ ಹತ್ತು ನಿಮಿಷ ಬೇಕಾದರೂ ತೆಗೆದುಕೋ. ಸಿಗಿಲ್ ಊರಿನ ಜನ ಆಡುವ ಬೀದಿ ಮಾತು ಶಬ್ದಕೋಶದಲ್ಲಿ ಸಿಗೋದಿಲ್ಲ. ಅದಕ್ಕೆ ಕನ್ನಡದಲ್ಲಿ ನಾನು ಟಿಪ್ಪಣಿ ಬರೆದಿಟ್ಟಿದ್ದೇನೆ. ನಮ್ಮ ಅಣ್ಣನ ಮಗನಿಗೆ ಅಂತ ಬರೆದದ್ದು. ಚಿತ್ರ ತೆಗೆದು ಇಲ್ಲೇ ಹಾಕುತ್ತೇನೆ.

ಮಡಿಕೇರಿ_ಮಂಜು

ಮೂಲ ಆಟ ಕೊಳ್ಳಬೇಕಾ, ಎನ್‌ಹ್ಯಾನ್ಸ್‌ಡ್ ಕೊಳ್ಳಬೇಕಾ? ನನ್ನ ಹತ್ತಿರ ಬಾಲ್ಡರ್ಸ್ ಗೇಟ್‌ನ ಹಳೆಯ ಐದು ಸಿಡಿ ಇದೆ. ಮಾವನದು. ಈಗಿನ ಲ್ಯಾಪ್‌ಟಾಪ್‌ನಲ್ಲಿ ಸಿಡಿ ಹಾಕೋ ಜಾಗವೇ ಇಲ್ಲ.

ನಾಪೋಕ್ಲು_ದಾರಿ

ಆ ಸಿಡಿಗಳನ್ನು ಒದ್ದೆಯಾಗದ ಕಡೆ ಇಡಿ. ನಮ್ಮ ಮಳೆಗೆ ಬೂಸ್ಟು ಹಿಡಿಯುತ್ತದೆ.

ಆಡೋಕೆ ಎನ್‌ಹ್ಯಾನ್ಸ್‌ಡ್ ಸಾಕು. ಬೀಮ್‌ಡಾಗ್ ಅನ್ನುವ ಕಂಪನಿಯವರು 2012ರಲ್ಲಿ ಬಾಲ್ಡರ್ಸ್ ಗೇಟ್, 2013ರಲ್ಲಿ ಎರಡನೆಯದು, 2014ರಲ್ಲಿ ಐಸ್‌ವಿಂಡ್ ಡೇಲ್, 2017ರಲ್ಲಿ ಟಾರ್ಮೆಂಟ್ ತಂದರು. ಮೊದಲ ಬಾಲ್ಡರ್ಸ್ ಗೇಟ್ 640 × 480ರಲ್ಲಿ ಮಾತ್ರ ಓಡುತ್ತಿತ್ತು. ಈಗ ಪರದೆಗೆ ತಕ್ಕ ಹಾಗೆ ಬರುತ್ತದೆ. ದೊಡ್ಡದು ಚಿಕ್ಕದು ಮಾಡಬಹುದು. ಇನ್ನೊಂದು ಮುಖ್ಯ ವಿಷಯ. ಹೊಸ ಬಾಲ್ಡರ್ಸ್ ಗೇಟ್ ಓಡುವುದು ಎರಡನೇ ಆಟದ ಬೆಳೆದ ಎಂಜಿನ್ ಮೇಲೆ. ಹಾಗಾಗಿ ಎರಡು ಕೈಯಲ್ಲಿ ಎರಡು ಕತ್ತಿ ಹಿಡಿಯುವುದು, ಪ್ರತಿ ವೃತ್ತಿಯ ಒಳಬಗೆಗಳು ಎಲ್ಲ ಮೊದಲ ಆಟಕ್ಕೂ ಬಂದಿವೆ. ಉತ್ಸಾಹಿಗಳು ಟುಟು ಅನ್ನುವ ಮಾಡ್‌ನಲ್ಲಿ ಇದನ್ನು ಬಹಳ ಹಿಂದೆಯೇ ಮಾಡಿ ತೋರಿಸಿದ್ದರು. ಅವರಿಗೆ ಸಲ್ಲಬೇಕಾದ ಗೌರವ ಸಲ್ಲಬೇಕು.

ಮಡಿಕೇರಿ_ಮಂಜು

ಪಟ್ಟಿಯಲ್ಲಿ ಐಸ್‌ವಿಂಡ್ ಡೇಲ್ 2 ಇಲ್ಲವಲ್ಲ?

ಕುಶಾಲನಗರ_ಕೋಡ್

ಅದರ ಮೂಲ ಕೋಡ್ ಬೀಮ್‌ಡಾಗ್‌ನವರಿಗೆ ಸಿಗಲೇ ಇಲ್ಲ. ಹುಡುಕಿ ಸೋತರು. ಬ್ಲ್ಯಾಕ್ ಐಲ್ 2003ರಲ್ಲಿ ಮುಚ್ಚಿತು. ಐದರಲ್ಲಿ ಒಂದರ ಕೋಡ್ ಹೀಗೆ ಕಳೆದುಹೋಯಿತು ಅನ್ನೋದು ನನಗೆ ನಿಜವಾಗಿ ನೋವಿನ ವಿಷಯ. ಆದರೆ ಫೈಲ್‌ಗಳ ರಚನೆ ಎಲ್ಲರಿಗೂ ಗೊತ್ತಿತ್ತಲ್ಲ. ಅಭಿಮಾನಿಗಳು ತಾವೇ ಮೂಲ ಆಟದ ಮೇಲೆ ಒಂದು ದೊಡ್ಡ ಮಾಡ್ ಮಾಡಿ, ಅಗಲ ಪರದೆ, ಇತರ ಸುಧಾರಣೆ ಎಲ್ಲ ತಂದರು. ಮೂಲ ಆಟ ಜಿಒಜಿ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ಸಿಗುತ್ತದೆ.

ಸೋಮವಾರಪೇಟೆ_ಹೊಸಬ

ಐಸ್‌ವಿಂಡ್ ಡೇಲ್ ಇಳಿಸಿಕೊಂಡೆ. ಕುಶಾಲನಗರದ ಚಿಕ್ಕಮ್ಮನ ಮನೆಯಲ್ಲಿ ನೆಟ್ ಚೆನ್ನಾಗಿದೆ, ಅಲ್ಲಿಂದ ತಂದೆ. ಆರು ಜನರನ್ನು ಹೇಗೆ ಆರಿಸಲಿ?

ಗೋಣಿಕೊಪ್ಪ_ಬಿಲ್ಲು

ಮುಂದೆ ಇಬ್ಬರು ಫೈಟರ್ ಅಥವಾ ಒಬ್ಬ ಫೈಟರ್, ಒಬ್ಬ ಪ್ಯಾಲಡಿನ್ (ಧರ್ಮವೀರ). ಒಬ್ಬ ಕ್ಲೆರಿಕ್ (ಪೂಜಾರಿ) ಇರಲೇಬೇಕು. ಜತೆಗೆ ಡ್ರೂಯಿಡ್, ಅಂದರೆ ಪ್ರಕೃತಿಯ ಪೂಜಾರಿ. ಒಬ್ಬ ಕಳ್ಳ, ಇಲ್ಲದಿದ್ದರೆ ಉರುಳು ತೆಗೆಯೋರು ಯಾರೂ ಇರೋದಿಲ್ಲ. ಕಳ್ಳ ಮತ್ತು ಫೈಟರ್ ಎರಡೂ ಕಲಿತವನಾದರೆ ಇನ್ನೂ ಒಳ್ಳೆಯದು. ಕೊನೆಗೆ ಮಂತ್ರವಾದಿ.

ಕುಲ್ದಹಾರ್ ದಾಟಿದ ಮೇಲೆ ವೇಲ್ ಆಫ್ ಶ್ಯಾಡೋಸ್ ಬರುತ್ತದೆ. ಸಮಾಧಿಗಳ ಕಣಿವೆ. ಅಲ್ಲಿ ಎಲುಬಿನ ಗೂಡುಗಳು ಜಾಸ್ತಿ. ಸ್ಲೀಪ್ ಮಂತ್ರ ಅವುಗಳ ಮೇಲೆ ನಡೆಯೋದಿಲ್ಲ. ಬಾಣ, ಕತ್ತಿಯೂ ಸರಿಯಾಗಿ ತಾಗೋದಿಲ್ಲ. ಆಟ ಶುರುವಾಗುವ ಈಸ್ಟ್‌ಹೇವನ್‌ನಲ್ಲೇ ಇಬ್ಬರಿಗೆ ಗದೆ ಕೊಂಡಿಡು. ಕ್ಲೆರಿಕ್‌ಗೆ ಟರ್ನ್ ಅನ್‌ಡೆಡ್ (ಸತ್ತು ನಡೆದಾಡುವವರನ್ನು ಓಡಿಸುವ ಶಕ್ತಿ) ಹಾಕಿ ಮುಂದೆ ನಿಲ್ಲಿಸು.

ಕ್ಯೂ ಒತ್ತಿದರೆ ಕ್ವಿಕ್ ಸೇವ್. ಪ್ರತಿ ಕಾಳಗ ಮುಗಿದ ಮೇಲೆ ಒತ್ತು. ಲ್ಯಾಪ್‌ಟಾಪ್ ಬ್ಯಾಟರಿ ಹೇಗಿದೆ?

ಸೋಮವಾರಪೇಟೆ_ಹೊಸಬ

ಒಂದು ಗಂಟೆ ಬರುತ್ತದೆ ಅಣ್ಣಾ. ಡ್ರೂಯಿಡ್‌ಗೆ ಹೆಸರು ಏನಿಡಲಿ ಅಂತ ಯೋಚಿಸುತ್ತಿದ್ದೇನೆ. ಅಕ್ಕಾ, ಟಿಪ್ಪಣಿ ಚಿತ್ರ ಹಾಕಿ.

ವಿರಾಜಪೇಟೆ_ಓದು

ನೆಟ್ ಬಂದ ಕೂಡಲೇ ಹಾಕುತ್ತೇನೆ. ಮೊದಲ ಆರು ಪುಟ ಇವತ್ತು, ಉಳಿದದ್ದು ನೀನು ಐಸ್‌ವಿಂಡ್ ಡೇಲ್‌ನ ಡ್ರ್ಯಾಗನ್ಸ್ ಐ ಅನ್ನುವ ಜಾಗ ಮುಗಿಸಿದ ಮೇಲೆ.